ಸದರ್ ಪತ್ರಪ್ಪ ರಸ್ತೆಗೆ ಒಂದು ಯಾತ್ರೆ

ಕಾಶೀ ರಾಮೇಶ್ವರಗಳ ಯಾತ್ರೆಯನ್ನು ಕುರಿತು ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಈಗ ಬರೆಯಹೊರಟಿರುವುದು ಬಹು ಚಿಕ್ಕದಾದ ಒಂದು ಯಾತ್ರೆಯ ವೃತ್ತಾಂತ. ಬೆಳಗಿನ ರೈಲಿನಲ್ಲಿ ಮೈಸೂರನ್ನು ಬಿಟ್ಟು, ಬೆಂಗಳೂರಿನ ಹಳೆಯ ಪೇಟೆಯ ಒಂದೇ ಒಂದು ಬೀದಿಯನ್ನು ನೋಡಿ, ರಾತ್ರಿ ಊಟದ ಹೊತ್ತಿಗೆ ಮನೆಗೆ ಹಿಂದಿರುಗಿದ್ದಿಷ್ಟೇ ಇದರ ವಿಸ್ತಾರ. ಆದರೂ ಹೊರಡುವಾಗ ನನ್ನ ಮನಸ್ಸಿನಲ್ಲಿದ್ದ ಆತಂಕವು ದೂರದ ಕ್ಷೇತ್ರಕ್ಕೆ ಹೊರಟವನ ಆತಂಕಕ್ಕಿಂತ ಕಡಿಮೆಯದಾಗಿರಲಿಲ್ಲ. ಅದಕ್ಕೆ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಸಂಗೀತ ಕೇಳುವುದಕ್ಕೆ ಒಂದು ಸಾಧನಸಮೂಹವಿದೆ. ರಿಕಾರ್ಡು ಹಾಕುವ ಯಂತ್ರ ಒಂದು, ಕ್ಯಾಸೆಟ್ಟಿನ ಯಂತ್ರ ಒಂದು, ರೇಡಿಯೋ ಒಂದು, ಮರದ ಪೆಟ್ಟಿಗೆಯ ಸ್ಪೀಕರುಗಳು ಎರಡು. ಇವೆಲ್ಲಕ್ಕೂ ನಡುವೆ ಕುಳಿತು ಎಲ್ಲರ ಮಾತನ್ನೂ ದೊಡ್ಡದು ಮಾಡಿ ಹೇಳತಕ್ಕ ಆಂಪ್ಲಿಫೈಯರು ಒಂದು. ಇದಕ್ಕೆ ಧ್ವನಿವರ್ಧಕವೆಂಬ ಸೊಗಸಾದ ಹೆಸರು ನಮ್ಮಲ್ಲಿ ಇದೆಯಾದರೂ, ಆ ಮಾತನ್ನು ಕೇಳಿದೊಡನೆ ಜನರ ಕಣ್ಣಿಗೆ ಕಟ್ಟುವುದು ಗಣೇಶನ ಚಪ್ಪರದ ಕಂಬಕ್ಕೆ ಬಿಗಿದ ತುತ್ತೂರಿಯೇ ಆದ್ದರಿಂದ ನಾನು ಅಂಗಡಿಯವರ ಮಾತನ್ನೇ ಇಟ್ಟುಕೊಂಡಿದ್ದೇನೆ. ೧೯೯೪ರಲ್ಲಿ ಕೈಗೆ ಬಂದ ಸಂಬಳದ ಬಾಕಿಯಿಂದ ಅದನ್ನು ಕೊಂಡೆವು. ಮೂವತ್ತು ವರ್ಷ ದುಡಿದ ಮೇಲೆ ಅದಕ್ಕೆ ವಾರ್ಧಕ್ಯದ ಚಿಹ್ನೆಗಳು ತೋರಿದವು. ಯಾವ ರಿಕಾರ್ಡನ್ನೂ ಹಾಕದೆ ಇದ್ದಾಗಲೂ ‘ಗುಂ’ ಎಂದು ಒಂದೇ ಸಮನೆ ನಾದಮಾಡುತ್ತಿತ್ತು. ಹೊಡೆಯದೆ ಮೀಟದೆ ಹುಟ್ಟುವ ನಾದವನ್ನು ಶಾಸ್ತ್ರದಲ್ಲಿ ಅನಾಹತವೆನ್ನುತ್ತಾರಷ್ಟೆ. “ಯೋಗಿಗಳಿಗೆ ದುರ್ಲಭವಾದದ್ದು ನಮಗೆ ಗುಂಡಿ ಒತ್ತಿದರೆ ಸಿಕ್ಕುತ್ತದೆ, ರೀ” ಎಂದು ನನ್ನ ಪತ್ನಿ ನಗುತ್ತಿದ್ದಳು. ಒಂದು ದಿನ ಬೆಳಗ್ಗೆ ಸುಟ್ಟ ವಾಸನೆ ಬಂತು. ಅನಾಹತವೂ ನಿಂತಿತು, ಆಹತವೂ ನಿಂತಿತು.

ಮನೆಯಲ್ಲಿ ಇಂಥ ವಸ್ತು ಕೆಟ್ಟರೆ ನಾಲ್ಕು ತಿಂಗಳು ಸುಮ್ಮನಿದ್ದು ಆಮೇಲೆ ವಿಚಾರಿಸಿದರೂ ನಡೆಯುತ್ತದೆ. ನಮ್ಮಲ್ಲಿ ಹಾಗೆ ನಡೆಯುವಂತಿರಲಿಲ್ಲ. ಆಕೆಗೆ ಗ್ಲಾಕೋಮಾ ಎಂಬ ಕಣ್ಣಿನ ರೋಗದಿಂದ ಆರು ವರ್ಷಗಳಲ್ಲಿ ದೃಷ್ಟಿ ಬಹುಮಟ್ಟಿಗೆ ಹೋಗಿದೆ. ಕಿಟಕಿಯ ಬೆಳಕು ಯಾವ ಕಡೆ ಎಂಬುದು ತಿಳಿಯುತ್ತದೆ, ಅಷ್ಟೆ. ಓದುವುದನ್ನು ಬಿಟ್ಟಳು, ಹೊಲಿಗೆಯನ್ನು ಬಿಟ್ಟಳು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಮಲ್ಲಿಕಾರ್ಜುನ ಮನಸೂರರ ಹಾಡುಗಾರಿಕೆ, ಆಕಾಶವಾಣಿಯ ವಾರ್ತೆ, ಇವಿಷ್ಟೇ ಉಳಿದಿದ್ದವು. ಅವನ್ನು ಯಾರ ಸಹಾಯವನ್ನೂ ಕೇಳದೆ ತಾನೇ ಹಾಕಿಕೊಳ್ಳುತ್ತಿದ್ದಳು ಎಂಬುದೇ ಮುಖ್ಯವಾದ ವಿಷಯ. ರಿಕಾರ್ಡಿನ ಮುಳ್ಳನ್ನು ಇಡುವ ಕೆಲಸ ಮಾತ್ರ ನನ್ನದು. ಉಳಿದದ್ದೆಲ್ಲವೂ ಆಕೆಯ ಬೆರಳುಗಳಿಗೆ ಗೊತ್ತಿತ್ತು.

ನನ್ನ ಸೋದರಳಿಯನು ಈ ಸುದ್ದಿಯನ್ನು ಕೇಳಿ, “ಮಾವ, ಈಗ ಇದನ್ನೆಲ್ಲ ಯಾರು ಇಟ್ಟುಕೊಳ್ಳುತ್ತಾರೆ? ಬಾಯಲ್ಲಿ ಹೇಳಿದರೆ ಹಾಡುವ ಪೆಟ್ಟಿಗೆಯೇ ಇದೆ, ಅತ್ತೆಗೆ ಅದೇ ಸರಿ” ಎಂದು ಒಂದನ್ನು ತಂದಿಟ್ಟನು. ನ್ಯಾಯವಾಗಿ ನೋಡಿದರೆ ಅವನ ಸಲಹೆ ತಪ್ಪೇನಲ್ಲ. ಕಣ್ಣಿಲ್ಲದವರಿಗೆ ಅದರಿಂದ ಬಹಳ ಉಪಕಾರವಾಗುವುದುಂಟು. ಆದರೆ ನಮ್ಮಾಕೆ ವೀಣೆಯನ್ನು ಕೇಳಿದರೆ ಅದು ಯಾವುದೋ ಚಲನಚಿತ್ರದ ಗೀತವನ್ನು ಹಾಡುವುದು. ನಿಲ್ಲಿಸೆಂದರೆ ಇನ್ನೊಂದನ್ನು ಹಾಡುವುದು. ಎಂಟು ದಿನಗಳಾದ ಮೇಲೆ, “ನನ್ನ ಮನೆಯಲ್ಲಿ ನಾನು ಇದನ್ನು ಇಂಗ್ಲಿಷಿನಲ್ಲಿ ಬೇಡಿಕೊಳ್ಳಲಾರೆ. ನಮ್ಮ ಕ್ಯಾಸೆಟ್ಟುಗಳು ಇದರ ಹೊಟ್ಟೆಯಲ್ಲಿ ಇಲ್ಲ” ಎಂದಳು. ಅವನು ನಗುತ್ತ ಅದನ್ನು ತೆಗೆದುಕೊಂಡು ಹೋದನು. ಮೈಸೂರಿನ ರಿಪೇರಿಯವರು ನಮ್ಮ ಹಳೆಯದನ್ನು ಬಿಚ್ಚಿ ನೋಡಿ, ಟ್ರಾನ್ಸ್‌ಫಾರ್ಮರನ್ನಾದರೆ ಮತ್ತೆ ಸುತ್ತಿಸಬಹುದು, ಒಳಗಿನ ಹಲಗೆಯೇ ಕರಿಕಾಗಿದೆ, ಇದನ್ನು ಬಿಟ್ಟುಬಿಡಿ ಎಂದು ಹೇಳಿದರು. ಆದುದರಿಂದ ಒಂದು ಬುಧವಾರ ಕೈಚೀಲದಲ್ಲಿ ಒಂದು ವೀಣೆಯ ರಿಕಾರ್ಡನ್ನೂ ಒಂದು ಕ್ಯಾಸೆಟ್ಟನ್ನೂ ಇಟ್ಟುಕೊಂಡು ಹೊರಟೆನು.

ರೈಲಿನ ಪ್ರಯಾಣವನ್ನು ವರ್ಣಿಸುವುದಿಲ್ಲ; ಶ್ರೀರಂಗಪಟ್ಟಣದ ಸೇತುವೆಯನ್ನೂ ಮದ್ದೂರಿನ ವಡೆಯನ್ನೂ ವಾಚಕರು ನನಗಿಂತ ಚೆನ್ನಾಗಿ ಬಲ್ಲರು. ಬೆಂಗಳೂರಿನ ದೊಡ್ಡ ನಿಲ್ದಾಣದಲ್ಲಿ ಇಳಿದು, ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಹತ್ತಿದರೆ ಹಸುರು ಮಾರ್ಗದಲ್ಲಿ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ೨೦೧೭ರಲ್ಲಿ ತೆರೆದ ಈ ನೆಲದೊಳಗಿನ ದಾರಿಯಿಂದ ಮೇಲಕ್ಕೆ ಬರುವವನಿಗೆ ಒಂದು ವಿಚಿತ್ರವಾದ ಅನುಭವವಾಗುತ್ತದೆ. ಕೆಳಗೆ ಕಲ್ಲು ಹಾಸಿದ ತಣ್ಣನೆಯ ಮೌನ; ಮೆಟ್ಟಲು ಹತ್ತಿ ತಲೆ ಹೊರಗೆ ಹಾಕಿದರೆ ಕೆಂಪೇಗೌಡನ ಪೇಟೆ. ಅಕ್ಕಿಗೆ ಅಕ್ಕಿಪೇಟೆ, ಅರಳೆಗೆ ಅರಳೇಪೇಟೆ, ಬಳೆಗೆ ಬಳೇಪೇಟೆ ಎಂದು ೧೫೩೭ರ ಸುಮಾರಿನಲ್ಲಿ ಊರು ಕಟ್ಟಿದಾಗಿನಿಂದ ಬಂದ ಕ್ರಮ. ಬಳೇಪೇಟೆಯಲ್ಲಿ ಈಗ ಬಳೆಗಿಂತ ಹೆಚ್ಚಾಗಿ ನನ್ನ ಕಣ್ಣಿಗೆ ಬಿದ್ದದ್ದು ವಾದ್ಯಗಳ ಅಂಗಡಿ: ಸಾಲಾಗಿ ತೂಗುಹಾಕಿದ ಪಿಟೀಲುಗಳು, ಬಾಯಿ ಮೇಲೆ ಮಾಡಿ ನಿಲ್ಲಿಸಿದ ಮೃದಂಗಗಳು, ಹಾರ್ಮೋನಿಯಮ್ಮುಗಳು. ಪಿಟೀಲನ್ನು ಕಂಡೊಡನೆ ಚೌಡಯ್ಯನವರ ನೆನಪಾಯಿತು. ಮೈಕು ಎಲ್ಲೆಡೆ ಬರುವುದಕ್ಕೆ ಮುಂಚಿನ ಆ ಕಾಲದಲ್ಲಿ, ದೊಡ್ಡ ಸಭೆಯ ಹಿಂದಿನ ಸಾಲಿಗೆ ತಮ್ಮ ವಾದ್ಯ ಕೇಳಿಸಬೇಕೆಂದು ಆ ಮಹಾನುಭಾವರು ನಾಲ್ಕು ತಂತಿಗಳಿಗೆ ಮೂರನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ಮಾಡಿಕೊಂಡರು. ವಿದ್ಯುತ್ತಿಲ್ಲದ ಆಂಪ್ಲಿಫೈಯರೆಂದರೆ ಅದೇ ಅಲ್ಲವೆ!

ಚಿಕ್ಕಪೇಟೆಯ ಸೀರೆಯ ಅಂಗಡಿಗಳನ್ನು ಹಾದು, ಅವೆನ್ಯೂ ರಸ್ತೆಯನ್ನು ದಾಟುವಾಗ ಹಳೆಯ ಪುಸ್ತಕದ ರಾಶಿಗಳ ಮುಂದೆ ಕಾಲು ತಾನಾಗಿ ನಿಂತಿತು. ನಾನು ಪಾಠ ಹೇಳಿದ ಸಂಸ್ಕೃತ ಪಠ್ಯಪುಸ್ತಕವೊಂದು ಅಲ್ಲಿ ಮೈಚೆಲ್ಲಿ ಬಿದ್ದಿತ್ತು. ಯಾವ ಹುಡುಗನದೋ! ಅಂಚಿನಲ್ಲೆಲ್ಲ ಕ್ರಿಕೆಟ್ಟಿನ ಚಿತ್ರಗಳು. ಅಲ್ಲಿಂದ ನಗರ್ತಪೇಟೆಯ ಇಕ್ಕಟ್ಟಿನಲ್ಲಿ ನುಸುಳಿ ಮುಂದೆ ಹೋದರೆ, ಕರಗ ಹೊರಡುವ ಧರ್ಮರಾಯಸ್ವಾಮಿಯ ದೇವಸ್ಥಾನದ ಆಸುಪಾಸಿನಲ್ಲಿಯೇ ಸದರ್ ಪತ್ರಪ್ಪ ರಸ್ತೆ ಸಿಕ್ಕುತ್ತದೆ. ಜನರು ಹೇಳುವುದು ಎಸ್.ಪಿ. ರೋಡು ಎಂದೇ. ೧೯೩೫ರಲ್ಲಿ ತೆರೆದ ಪುಟ್ಟಣ್ಣಚೆಟ್ಟಿ ಪುರಭವನದ ದೊಡ್ಡ ಕಂಬಗಳ ಕಡೆಯಿಂದ ಬರುವವರಿಗೆ ದಾರಿ ಇನ್ನೂ ಸುಲಭ.

ಈ ಬೀದಿಯನ್ನು ನೋಡದವರಿಗೆ ಹೇಗೆ ಹೇಳಲಿ? ಕೆಜಿಗಟ್ಟಲೆ ಬೇಳೆ ಮಾರುವಂತೆ ಇಲ್ಲಿ ಟ್ರಾನ್ಸಿಸ್ಟರುಗಳನ್ನು ಮಾರುತ್ತಾರೆ. ಗಸಗಸೆ ಜೀರಿಗೆಗಳ ಡಬ್ಬಿಯಂಥ ಸಣ್ಣ ಸಣ್ಣ ಗೂಡುಗಳಲ್ಲಿ ರೆಸಿಸ್ಟರು, ಕೆಪ್ಯಾಸಿಟರು, ಗೋಡೆಯ ಮೇಲೆ ಹಾವಿನ ಸುರುಳಿಯಂತೆ ತಂತಿ, ಗಣಕಯಂತ್ರಗಳ ಬಿಡಿಭಾಗಗಳು, ಮೆಟ್ಟಲಿನ ಕೆಳಗೆ ಮೂರಡಿ ಜಾಗದಲ್ಲಿ ಒಬ್ಬನು ಬೆಸುಗೆ ಹಾಕುತ್ತ ಕುಳಿತಿರುತ್ತಾನೆ. ಕಾಲೇಜಿನ ಹುಡುಗರು ಚೀಟಿ ಹಿಡಿದು ಬರುತ್ತಾರೆ. ವ್ಯಾಪಾರಿಯು ಚೀಟಿಯನ್ನು ನೋಡಿ, ಬರೆದದ್ದು ಎಲ್ಲಿ ತಪ್ಪೆಂದು ಹೇಳಿ, ಸರಿಯಾದದ್ದನ್ನು ಕೊಟ್ಟು ಕಳುಹಿಸುತ್ತಾನೆ. ಇಂಥ ಉಪಾಧ್ಯಾಯರಿಗೆ ಯಾವ ಇಲಾಖೆಯೂ ಸಂಬಳ ಕೊಡುವುದಿಲ್ಲ.

ಮೊದಲು ಹೊಸ ಸಾಮಾನಿನ ಅಂಗಡಿಯೊಂದನ್ನು ಹೊಕ್ಕೆನು. ಅಂಗಡಿಯ ತರುಣನು ಬಹಳ ಮರ್ಯಾದೆಯಿಂದ ಕೂರಿಸಿ, “ಸಾರ್, ಇದು ಸಾವಿರ ವ್ಯಾಟ್” ಎಂದು ಒಂದು ಮಿನುಗುವ ಪೆಟ್ಟಿಗೆಯನ್ನು ತೋರಿಸಿದನು. ಈ ವ್ಯಾಟಿನ ವಿಷಯದಲ್ಲಿ ಗೃಹಸ್ಥರು ಮೋಸಹೋಗುವುದು ಹೆಚ್ಚಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪೆಟ್ಟಿಗೆಯ ಮೇಲೆ ಪಿ.ಎಂ.ಪಿ.ಒ. ಎಂದು ಅಚ್ಚುಹಾಕಿದ ಸಂಖ್ಯೆಗೆ ಒಪ್ಪಿತವಾದ ಅಳತೆಯೇ ಇಲ್ಲ. ವ್ಯಾಪಾರಿಯ ಔದಾರ್ಯವೇ ಅದಕ್ಕೆ ಪ್ರಮಾಣ. ಆರ್.ಎಂ.ಎಸ್. ಎಂದು ಕಾಣಿಸಿ, ಇಷ್ಟು ಓಮಿನ ಸ್ಪೀಕರಿಗೆ ಇಷ್ಟು ವ್ಯಾಟು, ಎರಡು ಕಡೆಯೂ ಒಟ್ಟಿಗೆ ನಡೆಯುವಾಗ, ಎಂದು ಬರೆದಿದ್ದರೆ ಅದನ್ನು ನಂಬಬಹುದು. ಮತ್ತೂ ಒಂದು ಮಾತು. ಐವತ್ತು ವ್ಯಾಟನ್ನು ನೂರು ಮಾಡಿದರೆ ಶಬ್ದವು ಇಮ್ಮಡಿಯಾಗುವುದಿಲ್ಲ; ಮೂರು ಡೆಸಿಬೆಲ್ ಏರುತ್ತದೆ, ಎಂದರೆ ‘ಸ್ವಲ್ಪ ಜೋರಾಯಿತು’ ಎನ್ನಿಸುವಷ್ಟು. ಕಿವಿಗೆ ಇಮ್ಮಡಿ ಎಂದು ತೋರಬೇಕಾದರೆ ವ್ಯಾಟನ್ನು ಹತ್ತುಪಟ್ಟು ಮಾಡಬೇಕು. ನಮ್ಮ ಸ್ಪೀಕರಿನ ಬೆನ್ನಿನಲ್ಲಿ ೮ ಓಮ್, ೮೮ ಡೆಸಿಬೆಲ್ ಎಂದಿದೆ. ಒಂದೇ ವ್ಯಾಟು ಕೊಟ್ಟರೆ ಒಂದು ಮೀಟರಿನ ದೂರದಲ್ಲಿ ಅಷ್ಟು ಶಬ್ದ ಬರುತ್ತದೆಂದು ಅದರ ತಾತ್ಪರ್ಯ. ಇಬ್ಬರು ಮನೆಯಲ್ಲಿ ಮಾತನಾಡುವ ಶಬ್ದ ಅರವತ್ತರ ಸುಮಾರು. ಹನ್ನೆರಡಡಿ ಹದಿನಾಲ್ಕಡಿಯ ಕೋಣೆಯಲ್ಲಿ ವೀಣೆ ಕೇಳುವವರಿಗೆ ಸಾಮಾನ್ಯವಾಗಿ ಒಂದು ವ್ಯಾಟೇ ಹೆಚ್ಚು. ಮೃದಂಗದ ಪೆಟ್ಟು ಒಮ್ಮೆಗೇ ಎದ್ದಾಗ ಒಡೆಯದಿರಲೆಂದು ಮೂವತ್ತು ಇದ್ದರೆ ಸುಖವಾಗಿರಬಹುದು.

“ಮೂವತ್ತು ಸಾಕಪ್ಪ” ಎಂದೆ. ಅವನಿಗೆ ನನ್ನ ಮೇಲೆ ಕನಿಕರ ಉಂಟಾಯಿತು. ೧೯೩೫ರಲ್ಲಿ ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಮೂವತ್ತು ವ್ಯಾಟಿನ ಯಂತ್ರವನ್ನಿಟ್ಟುಕೊಂಡು ಆಕಾಶವಾಣಿಯನ್ನು ಆರಂಭಿಸಿದರೆಂಬುದನ್ನು ಅವನಿಗೆ ಹೇಳೋಣವೆನ್ನಿಸಿತು. ಅದು ಪ್ರಸಾರದ ವ್ಯಾಟು, ಇದು ಸ್ಪೀಕರಿನ ವ್ಯಾಟು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ಸುಮ್ಮನಾದೆನು.

ಅವನು ಬೇರೆ ಬೇರೆ ಮಾದರಿಗಳನ್ನು ತೋರಿಸಿದನು. ಅಂಗೈಯಗಲದ ಒಂದು ಪುಟ್ಟ ಪೆಟ್ಟಿಗೆ ನನಗೆ ಆಶ್ಚರ್ಯವನ್ನುಂಟುಮಾಡಿತು. ಡಿ ವರ್ಗದ್ದಂತೆ. ಅದರೊಳಗಿನ ಟ್ರಾನ್ಸಿಸ್ಟರು ಸೆಕೆಂಡಿಗೆ ಲಕ್ಷಗಟ್ಟಲೆ ಸಾರಿ ತೆರೆದು ಮುಚ್ಚುವುದರಿಂದ ವಿದ್ಯುತ್ತು ಶಾಖವಾಗಿ ಪೋಲಾಗುವುದು ಬಹಳ ಕಡಿಮೆ; ನೂರರಲ್ಲಿ ತೊಂಬತ್ತರಷ್ಟು ಸ್ಪೀಕರಿಗೇ ಹೋಗಬಲ್ಲುದು. ಹಳೆಯ ಬಗೆಯದರಲ್ಲಿ ಬಹುಭಾಗ ಪೆಟ್ಟಿಗೆಯನ್ನು ಕಾಯಿಸುವುದಕ್ಕೇ ಆಗುತ್ತದೆ. ಕೇಳಿ ನೋಡಿದೆನು, ನನ್ನ ಕಿವಿಗೆ ದೋಷವೇನೂ ಕಾಣಲಿಲ್ಲ. ಆದರೆ ಅದಕ್ಕೆ ‘ಫೋನೋ’ ಎಂಬ ದ್ವಾರವಿರಲಿಲ್ಲ. ರಿಕಾರ್ಡಿನ ಮುಳ್ಳಿನಿಂದ ಬರುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲಿ ನಾಲ್ಕೈದು ಪಾಲು ಮಾತ್ರ; ರೇಡಿಯೋ ಕ್ಯಾಸೆಟ್ಟುಗಳಿಂದ ಬರುವುದು ಅದರ ನೂರುಪಾಲಿಗೆ ಸಮೀಪ. ಅದಲ್ಲದೆ ರಿಕಾರ್ಡನ್ನು ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿ ಕೊರೆದಿರುತ್ತಾರೆ. ಇಲ್ಲದಿದ್ದರೆ ಗೆರೆಗಳು ಅಗಲವಾಗಿ ಒಂದರ ಮೇಲೊಂದು ಬಿದ್ದಾವು. ಅದನ್ನು ಮರಳಿ ಯಥಾಸ್ಥಿತಿಗೆ ತರುವ ಕೆಲಸ ಫೋನೋ ದ್ವಾರದ್ದು. ಬೇರೆ ದ್ವಾರಕ್ಕೆ ಸಿಕ್ಕಿಸಿದರೆ ವೀಣೆಯು ಸೊಳ್ಳೆಯಾಗುತ್ತದೆ.

ಫೋನೋ ಇದ್ದ, ಮೂವತ್ತಕ್ಕೂ ಮೇಲೆ ವ್ಯಾಟಿದ್ದ, ಸಂಭಾವಿತವಾದ ಹೊಸ ಆಂಪ್ಲಿಫೈಯರುಗಳೂ ಇದ್ದವು. ನನ್ನ ಒಂದು ತಿಂಗಳ ಪಿಂಚಣಿಗೆ ಹತ್ತಿರದ ಬೆಲೆ. ಅವುಗಳ ಮುಂದೆ ನಿಂತು ಕಣ್ಣು ಮುಚ್ಚಿಕೊಂಡು ಗುಂಡಿಗಳನ್ನು ತಡವಿದೆನು. “ಸಾರ್, ತಲೆ ಸುತ್ತುತ್ತಿದೆಯಾ? ನೀರು ತರಲಾ?” ಎಂದು ತರುಣನು ಗಾಬರಿಯಾದನು. ಸುತ್ತುತ್ತಿದ್ದದ್ದು ತಲೆಯಲ್ಲ, ಗುಂಡಿ. ರಿಕಾರ್ಡೋ ರೇಡಿಯೋ ಎಂದು ಆರಿಸುವ ಗುಂಡಿಗೆ ಆದಿಯೂ ಇಲ್ಲ ಅಂತ್ಯವೂ ಇಲ್ಲ. ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ. ಎಲ್ಲಿ ನಿಂತಿತೆಂಬುದನ್ನು ಸಣ್ಣದೊಂದು ದೀಪ ಹೇಳುತ್ತದೆ. ಕಣ್ಣಿದ್ದವರಿಗೆ ಬಹಳ ಅನುಕೂಲ. ಇನ್ನೊಂದರಲ್ಲಿ ಗುಂಡಿಯೇ ಇಲ್ಲ, ಗಾಜಿನ ಮೇಲೆ ಬೆರಳಿಡಬೇಕು. ನನ್ನ ಕಷ್ಟವನ್ನು ವಿವರಿಸಿದ ಮೇಲೆ ಆ ತರುಣನು ವ್ಯಾಪಾರದ ಮಾತನ್ನು ಬಿಟ್ಟು, ತಾನೂ ಕಣ್ಣು ಮುಚ್ಚಿ ಒಂದೆರಡನ್ನು ತಡವಿ ನೋಡಿ, “ನಿಜ ಸಾರ್, ಇದು ನಮಗೆ ಹೊಳೆದೇ ಇರಲಿಲ್ಲ. ಎದುರು ಮಹಡಿಯ ಮೇಲೆ ಒಬ್ಬರು ಸಾಹೇಬರಿದ್ದಾರೆ, ಹಳೆಯದನ್ನು ಸರಿಮಾಡಿ ಕೊಡುತ್ತಾರೆ, ಅಲ್ಲಿ ವಿಚಾರಿಸಿ” ಎಂದನು. ತನ್ನ ಗಿರಾಕಿಯನ್ನು ಎದುರು ಅಂಗಡಿಗೆ ಕಳುಹಿಸುವ ವರ್ತಕನು ಇನ್ನೂ ಇದ್ದಾನೆಂದು ಇಲ್ಲಿ ಬರೆದಿಡಬೇಕು.

ಮಹಡಿಯ ಕೋಣೆ ಕಿರಿದು. ರಾಳದ ಹೊಗೆಯ ವಾಸನೆ. ಸಾಹೇಬರು ನನ್ನ ವಯಸ್ಸಿನವರೇ. ನಾನು ಮೇಷ್ಟ್ರಾಗಿದ್ದವನೆಂದು ತಿಳಿದೊಡನೆ ಸ್ಟೂಲಿನ ಮೇಲಿದ್ದ ಸಾಮಾನನ್ನು ತೆಗೆದು ಕೂರಿಸಿದರು. ಮೊದಲು ತೋರಿಸಿದ ಜಪಾನಿನ ಯಂತ್ರವು ನೋಡುವುದಕ್ಕೆ ರತ್ನದಂತಿತ್ತು. ಅದರ ಬೆನ್ನನ್ನು ತಿರುಗಿಸಿ, “ಇಲ್ಲಿ ಓದಿ ಮೇಷ್ಟ್ರೇ” ಎಂದರು. ನೂರು ವೋಲ್ಟ್ ಎಂದಿತ್ತು. ಅದು ಜಪಾನಿನ ಮನೆಗಳ ವಿದ್ಯುತ್ತು, ನಮ್ಮದು ೨೩೦. ನಡುವೆ ಇನ್ನೊಂದು ಟ್ರಾನ್ಸ್‌ಫಾರ್ಮರನ್ನು ಇಟ್ಟರೆ ನಡೆಯುತ್ತದೆ, ಯಾರಾದರೂ ಮರೆತು ನೇರವಾಗಿ ಸಿಕ್ಕಿಸಿದರೆ ಆ ಕ್ಷಣವೇ ಆಹುತಿ. “ಕಣ್ಣು ಕಾಣದವರ ಮನೆಗೆ ಇದನ್ನು ನಾನು ಕೊಡುವುದಿಲ್ಲ” ಎಂದು ತಾವೇ ಪಕ್ಕಕ್ಕೆ ಸರಿಸಿದರು. ಹಳೆಯ ಆಂಪ್ಲಿಫೈಯರನ್ನು ಕೊಳ್ಳುವವರು ಮುಖವನ್ನು ನೋಡುವುದಕ್ಕೆ ಮುಂಚೆ ಬೆನ್ನನ್ನು ನೋಡಬೇಕೆಂದು ಅಂದು ಕಲಿತೆನು.

ಎರಡನೆಯದು ೨೩೦ ವೋಲ್ಟಿನದು. ಕಪ್ಪು ಮೈ, ಅಂದಚಂದವೇನೂ ಇಲ್ಲ. ನಲವತ್ತು ವ್ಯಾಟು. ಎಡಕ್ಕೆ ಆರಿಸುವ ಗುಂಡಿ. ‘ತಟ್ ತಟ್’ ಎಂದು ನಾಲ್ಕು ಸ್ಥಾನಗಳಲ್ಲಿ ನಿಂತು ಎರಡು ಕೊನೆಗಳಲ್ಲೂ ತಡೆಯುತ್ತದೆ. ಒಳಗಿನ ದೊಡ್ಡ ಕೆಪ್ಯಾಸಿಟರುಗಳು ವರ್ಷಗಳು ಕಳೆದಂತೆ ಒಣಗುತ್ತವೆಯಂತೆ. ನಮ್ಮ ಮನೆಯ ಅನಾಹತನಾದಕ್ಕೂ ಅದೇ ಕಾರಣವಿದ್ದೀತು ಎಂದರು. ಇದರಲ್ಲಿ ಅವನ್ನು ಬದಲಾಯಿಸಿದ್ದರು. ಮೀಟರನ್ನು ಸ್ಪೀಕರಿನ ಕೊನೆಗಳಿಗೆ ಹಿಡಿದು ತೋರಿಸಿದರು: ಹಾಡಿಲ್ಲದಾಗ ಅಲ್ಲಿ ನೇರವಿದ್ಯುತ್ತು ಇರಬಾರದು, ಇದ್ದರೆ ಸ್ಪೀಕರಿನ ಸುರುಳಿ ಸುಟ್ಟೀತು. ಒಂದು ಕಡೆ ಹನ್ನೆರಡು ಮಿಲಿವೋಲ್ಟು, ಇನ್ನೊಂದು ಕಡೆ ಹದಿನೈದು, ಇಷ್ಟಕ್ಕೆ ಭಯವಿಲ್ಲ. ಸ್ವಿಚ್ಚು ಹಾಕಿ ಎರಡು ಮೂರು ಸೆಕೆಂಡಿನ ಮೇಲೆ ಒಳಗಿನಿಂದ ‘ಟಕ್’ ಎಂದಿತು. ಎಲ್ಲವೂ ಸರಿಯಿದ್ದರೆ ಮಾತ್ರ ಸ್ಪೀಕರನ್ನು ಕೂಡಿಸತಕ್ಕ ರಕ್ಷಕ ಅದು. ಯಂತ್ರವು ಏಳುವಾಗ ತಾನಾಗಿ ಒಂದು ಮಾತನ್ನು ಆಡುತ್ತದೆಂಬುದು ನನಗೆ ಬಹಳ ಹಿಡಿಸಿತು.

ಇನ್ನು ಪರೀಕ್ಷೆ. ಅನ್ನ ಬೆಂದಿತೇ ಎಂದು ನೋಡುವುದಕ್ಕೆ ಒಂದಗುಳನ್ನು ಹಿಸುಕಿದರೆ ಸಾಕೆಂಬ ಸ್ಥಾಲೀಪುಲಾಕನ್ಯಾಯವನ್ನು ಅನುಸರಿಸಿ, ನಾನು ತಂದ ವೀಣೆಯ ರಿಕಾರ್ಡನ್ನೇ ಹಾಕಿಸಿದೆನು. ಅಂಗಡಿಗಳಲ್ಲಿ ಅವರ ಹಾಡನ್ನು ಕೇಳಿ ಮರುಳಾಗಬಾರದು. ಎಲ್ಲಿ ಏನು ಬರುತ್ತದೆಂದು ನಮಗೆ ಬಾಯಿಪಾಠವಾಗಿರುವುದನ್ನೇ ಕೇಳಬೇಕು. ದೊಡ್ಡದಾಗಿ ಕೇಳಿದ್ದಾಯಿತು, ಆಮೇಲೆ, ರಾತ್ರಿ ಮಲಗುವ ಮುನ್ನ ಆಕೆ ಇಡುವಷ್ಟು ಸಣ್ಣದು ಮಾಡಿಸಿದೆನು. ಆಗ ಎಡಗಡೆ ಕೊಂಚ ಕ್ಷೀಣವಾಯಿತು. ಸಾಹೇಬರು ಮುಚ್ಚಿಡಲಿಲ್ಲ. “ಹಳೆಯ ವಾಲ್ಯೂಮಿನ ಗುಣ ಮೇಷ್ಟ್ರೇ. ಬಹಳ ಸಣ್ಣದರಲ್ಲಿ ಎರಡು ಕಡೆ ಸಮ ಬರುವುದಿಲ್ಲ. ಪಕ್ಕದ ಬ್ಯಾಲೆನ್ಸನ್ನು ಒಂದಿಷ್ಟು ತಿರುಗಿಸಿಕೊಳ್ಳಬೇಕು.”

ಇಲ್ಲಿ ನಾನು ಬಹಳ ಹೊತ್ತು ಹಿಂದೆಮುಂದೆ ನೋಡಿದೆನು. ಹೊಸದಕ್ಕೆ ಗ್ಯಾರಂಟಿಯ ಕಾಗದವುಂಟು. ಇದಕ್ಕೆ ಸಾಹೇಬರ ಮಾತು, ಆರು ತಿಂಗಳ ಅವಧಿ. ಬೆಲೆ ಅರ್ಧಕ್ಕಿಂತ ಕಡಿಮೆ. ಇದು ಕೆಟ್ಟರೆ ಹೊತ್ತು ತರಬೇಕಾದವನು ನಾನು, ಸುಮ್ಮನೆ ಕೂರಬೇಕಾದವಳು ಆಕೆ. ಕೊನೆಗೆ ಮನೆಗೆ ದೂರವಾಣಿ ಮಾಡಿದೆನು. ವ್ಯಾಟು ಬೆಲೆ ಯಾವುದನ್ನೂ ಆಕೆ ಕೇಳಲಿಲ್ಲ.

“ಗುಂಡಿ ಎಷ್ಟಿದೆ?”

“ದೊಡ್ಡದು ಒಂದು, ತಟ್ ಎನ್ನುವುದು ಒಂದು, ಚಿಕ್ಕವು ಮೂರು.”

“ದೊಡ್ಡದಕ್ಕೆ ಗೀಟು ಇದೆಯೇ?”

ತಡವಿ ನೋಡಿದೆನು. ಉಗುರಿಗೆ ಸಿಕ್ಕುವಂಥ ಆಳವಾದ ಗೀಟು ಇತ್ತು.

“ತನ್ನಿ ಹಾಗಾದರೆ” ಎಂದಳು.

ಎಂಟು ಕಿಲೋಗ್ರಾಮಿಗೆ ಕಡಿಮೆಯಿಲ್ಲದ ಆ ಪೆಟ್ಟಿಗೆಯನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದೆನು. ಎದುರಿಗೆ ಕುಳಿತಿದ್ದ ಮಂಡ್ಯದ ಕಡೆಯ ಒಬ್ಬ ವೃದ್ಧೆ, “ಮಿಕ್ಸಿಯಾ ಸ್ವಾಮಿ?” ಎಂದು ಕೇಳಿದರು. ಹಾಡು ಕೇಳುವ ಯಂತ್ರವೆಂದೆ. “ಇಷ್ಟು ದಪ್ಪವಾ! ನಮ್ಮ ಮೊಮ್ಮಗ ಫೋನಿನಲ್ಲೇ ಕೇಳುತ್ತಾನಲ್ಲ” ಎಂದು ನನ್ನ ವಿವೇಕದ ವಿಷಯದಲ್ಲಿ ಸಂದೇಹಪಟ್ಟು ಕಿಟಕಿಯ ಕಡೆ ತಿರುಗಿದರು.

ರಾತ್ರಿಯೇ ತಂತಿಗಳನ್ನು ಕೂಡಿಸಿ ರಿಕಾರ್ಡನ್ನು ಹಾಕಿದೆನು. ನನಗೆ ಪರಮಾನಂದ. ಆಕೆ ಮಾತ್ರ ಸ್ವಲ್ಪ ಹೊತ್ತು ತಲೆ ಓರೆಮಾಡಿ ಕೇಳಿ, “ಮೃದಂಗ ಎಲ್ಲಿ ಹೋಯಿತು? ಎರಡು ಪೆಟ್ಟಿಗೆಗಳ ನಡುವೆ ಇರಬೇಕಾದವರು ಎದ್ದುಹೋಗಿದ್ದಾರೆ, ರೀ” ಎಂದಳು. ಬ್ಯಾಟರಿ ಹಿಡಿದು ಹಿಂದೆ ಬಗ್ಗಿ ನೋಡಲಾಗಿ, ಒಂದು ಸ್ಪೀಕರಿನ ಕೆಂಪುತಂತಿಯನ್ನು ಕಪ್ಪು ಕೊನೆಗೆ ಸಿಕ್ಕಿಸಿದ್ದೆನು. ಹಾಗೆ ಮಾಡಿದರೆ ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದು ಮಂದ್ರವೆಲ್ಲ ತಮ್ಮೊಳಗೇ ತೀರಿಹೋಗುತ್ತದೆ. ಸರಿಪಡಿಸಿದ ಮೇಲೆ ಮೃದಂಗದವರು ಬಂದು ಕುಳಿತರು.

ಆಮೇಲೆ ಆಕೆ ನನ್ನನ್ನು ಅಡುಗೆಮನೆಗೆ ಕಳುಹಿಸಿದಳು, ಹಾಲು ಉಕ್ಕುತ್ತದೆಂಬ ನೆಪದಿಂದ. ಒಲೆಯ ಮೇಲೆ ಹಾಲೇ ಇರಲಿಲ್ಲ. ನಾನು ಅಲ್ಲಿಯೇ ನಿಂತೆನು. ಒಳಗಿನಿಂದ ‘ತಟ್’ ಎಂದಿತು, ಅದು ರೇಡಿಯೋ. ಕೊಂಚ ತಡೆದು ಇನ್ನೊಂದು ‘ತಟ್’, ಅದು ಕ್ಯಾಸೆಟ್ಟು. ಮುಚ್ಚಳ ಬಿದ್ದ ಸದ್ದಾಯಿತು. ಮನಸೂರರು ಷಡ್ಜಕ್ಕೆ ಬಂದರು.